ಮಸಿಯ ಗಡಿಯಾರ

ಅಪ್ಪನ ಬಲಗೈ ತೋರುಬೆರಳು ಎಂದೂ ಚೊಕ್ಕವಾಗಿದ್ದದ್ದಿಲ್ಲ. ಉಗುರಿನ ಸಂದಿಯಲ್ಲಿ ನೀಲಿ ಮಸಿ ಮನೆ ಮಾಡಿಕೊಂಡಿತ್ತು. ಅಮ್ಮ ಹುಣಿಸೆಹಣ್ಣು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಆ ಮಸಿ ಕಂಡರೆ ನನಗೆ ಮೈಯೆಲ್ಲ ಉರಿ.

ಅಪ್ಪ ಕ್ಯಾಲನೂರಿನಲ್ಲಿ ಮೇಷ್ಟ್ರು. ಸಣ್ಣ ಮಕ್ಕಳಿಗೆ ಗಂಟೆ ನೋಡುವುದನ್ನು ಕಲಿಸುವುದೆಂದರೆ ಅವರಿಗೆ ಹಬ್ಬ. ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ಗಡಿಯಾರ ಬರೆದು, ಪೊರಕೆಕಡ್ಡಿ ಮುರಿದು ಎರಡು ಮುಳ್ಳು ಇಡುತ್ತಿದ್ದರು. “ಮೊದ್ಲು ಗಿಡ್ಡಪ್ಪನ್ನ ಕೇಳ್ರೋ, ಆಮೇಲೆ ಉದ್ದಪ್ಪನ್ನ” ಎನ್ನುತ್ತಿದ್ದರು. ಸರಿಯಾಗಿ ಹೇಳಿದ ಮಗುವಿನ ಮಣಿಕಟ್ಟಿನ ಮೇಲೆ ಮಸಿಯಲ್ಲಿ ಪುಟ್ಟ ಗಡಿಯಾರ ಬರೆದು, ಅದರ ಪಟ್ಟಿಯನ್ನು ಬೆರಳಲ್ಲೇ ಎಳೆಯುತ್ತಿದ್ದರು. ಆ ಮಕ್ಕಳು ಕೈ ಮುಂದೆ ಚಾಚಿಕೊಂಡೇ ಮನೆಗೆ ನಡೆಯುತ್ತಿದ್ದವು. ದಾರಿಯಲ್ಲಿ ಸಿಕ್ಕವರೆಲ್ಲ ಅವರನ್ನು ಗಂಟೆ ಕೇಳಬೇಕು!

ನನಗೂ ಒಂದು ಬೇಕಿತ್ತು. ಅಷ್ಟೇ.

ಒಂದು ದಿನ ನನ್ನ ತರಗತಿಯ, ಮನೆಮಾತು ತೆಲುಗಾಗಿದ್ದ ಹುಡುಗಿಯೊಬ್ಬಳು ಮುಳ್ಳು ನೋಡುತ್ತ ತಡವರಿಸುತ್ತಿದ್ದಳು. ನಾನು ತಡೆಯಲಾರದೆ “ಹನ್ನೊಂದೂವರೆ!” ಎಂದು ಕೂಗಿಬಿಟ್ಟೆ. ಅಪ್ಪ ನನ್ನತ್ತ ತಿರುಗಲಿಲ್ಲ. ಅವಳು ನನ್ನ ಉತ್ತರವನ್ನೇ ತೆಲುಗು ಮಾಡಿ “ಪದಕೊಂಡುನ್ನರ” ಎಂದಳು.

“ಭಾಷೆ ಯಾವ್ದಾದ್ರೇನಮ್ಮ, ಗಂಟೆ ಸರಿ ಇದೆ. ಕೈ ಕೊಡು” ಎಂದರು ಅಪ್ಪ.

ಕಳ್ಳಿ! ಅವಳ ಕೈ ಹಿಡಿದು ಉಜ್ಜಿಬಿಡಬೇಕು ಅನ್ನಿಸಿತು. ಮನೆಗೆ ಬಂದವಳೇ ಅಪ್ಪನ ಮುಂದೆ ಮಣಿಕಟ್ಟು ಚಾಚಿ ನಿಂತೆ.

“ನಂಗ್ಯಾಕಪ್ಪ ಬರೆಯಲ್ಲ?”

“ಮೇಷ್ಟ್ರು ತನ್ನ ಮಗಳಿಗೇ ಬರ್ಕೊಂಡ್ರು ಅಂತಾರೆ ಕಣೇ ಊರೋರು. ನಿಂಗೆ ಗೋಡೆ ಮೇಲೆ ನಿಜವಾದ್ದೇ ಇದೆಯಲ್ಲ?”

ಗೋಡೆಯ ಮೇಲಿನದನ್ನು ಕೈಗೆ ಕಟ್ಟಿಕೊಳ್ಳಲಾಗುತ್ತದೆಯೇ? ಅವತ್ತು ನಾನು ಊಟ ಮಾಡಲಿಲ್ಲ.

ಅಪ್ಪ ತೀರಿಕೊಂಡಾಗ ನಾನು ಮಾಲೂರಿನ ಸೊಸೆ. ಆಗಿನ, ಇದ್ದಲು ಉರಿಸಿ ಓಡಿಸುತ್ತಿದ್ದ ಬಸ್ಸಿಳಿದು ಬರುವಷ್ಟರಲ್ಲಿ ಅಂಗಳದ ತುಂಬ ಜನ. ವಕ್ಕಲೇರಿಯಿಂದ ಬಂದಿದ್ದ ಗಾಡಿಯವನೊಬ್ಬ, ಅಪ್ಪನ ಹತ್ತಿರ ಕಲಿತವನೇ, ಕಣ್ಣೊರೆಸಿಕೊಂಡು ನನಗೆ ತನ್ನ ಎಡಗೈ ತೋರಿಸಿದ. “ಈ ಜಾಗ್ದಾಗೆ ಬರ್ದಿದ್ರಮ್ಮ ಮೇಷ್ಟ್ರು. ಅಳಿಸೋಯ್ತದೆ ಅಂತ ನಮ್ಮವ್ವ ಈ ಕೈಗೆ ನೀರು ಸೋಕಿಸ್ದೆ ಮೈ ತೊಳ್ದಿದ್ಲು.” ಪಕ್ಕದಲ್ಲಿದ್ದ ಹೆಂಗಸೂ ಬಳೆ ಹಿಂದಕ್ಕೆ ಸರಿಸಿ ತನ್ನ ಮಣಿಕಟ್ಟು ಸವರಿಕೊಂಡಳು.

“ಮಗಳು ನೀವು, ನಿಮ್ಗೆ ಎಷ್ಟು ಸಲ ಬರ್ದಿದ್ರೋ!” ಎಂದ ಅವನು.

ನಾನು ಗೊಳೋ ಎಂದು ಅತ್ತೆ. ಹೆಂಗಸರು ಬಂದು ತಬ್ಬಿಕೊಂಡು, “ಅಪ್ಪ ಅಂದ್ರೆ ಪ್ರಾಣ ಇದಕ್ಕೆ” ಎಂದರು. ಅಪ್ಪ ಹೋದರೆಂಬ ದುಃಖಕ್ಕೆ ನಾನು ಅತ್ತದ್ದು ಮಾರನೆಯ ದಿನ. ಅವತ್ತಿನ ಅಳು ಬರೀ ಹೊಟ್ಟೆಕಿಚ್ಚಿನದು.