ತೊಂಬತ್ತನಾಲ್ಕು ಡಬ್ಬ ಸಮುದ್ರ

ನನ್ನ ಟ್ರಂಕಿನಲ್ಲಿ ಹನ್ನೊಂದು ದಿನಚರಿ ಪುಸ್ತಕಗಳಿವೆ. ಹತ್ತು ಸಭ್ಯವಾಗಿ ಇರುತ್ತವೆ. ಒಂದು ಮಾತ್ರ ಮಳೆಗಾಲ ಹತ್ತಿರವಾದಾಗ ಬೆವರುತ್ತದೆ. ಹೊರಗೆ ಒಂದು ಹನಿಯೂ ಬಿದ್ದಿರುವುದಿಲ್ಲ, ಆದರೂ ಅದರ ಹಾಳೆಗಳು ತಣ್ಣಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಟ್ರಂಕಿನ ಮುಚ್ಚಳ ತೆರೆದರೆ ಹಸಿ ಉಪ್ಪಿನ ವಾಸನೆ, ಅದರ ಹಿಂದೆ ನಾಚಿಕೊಂಡು ನಿಂತಂತೆ ಒಂದಿಷ್ಟು ಮೀನಿನ ವಾಸನೆ. ಇದಾಗಿ ಎರಡು ದಿನಕ್ಕೆ ಮಳೆ. ಆರು ವರ್ಷಗಳಿಂದ ಗುರುತು ಹಾಕುತ್ತಿದ್ದೇನೆ. ಐದು ಸಲ ನಿಜವಾಗಿದೆ. ಒಂದು ಸಲ ಮಳೆ ತಡಮಾಡಿತು. ಅದು ಮಳೆಯ ತಪ್ಪು, ಪುಸ್ತಕದ್ದಲ್ಲ ಎಂದು ಷರಾ ಬರೆದಿದ್ದೇನೆ.

ಇವತ್ತು ಬೆಳಿಗ್ಗೆ ಪುಸ್ತಕ ಮತ್ತೆ ಬೆವರಿತು. ನಿಮಗೆ ಪುರುಸೊತ್ತಿದ್ದರೆ ಕುಳಿತುಕೊಳ್ಳಿ, ಅದಕ್ಕೆ ಈ ಗುಣ ಬಂದದ್ದು ಹೇಗೆಂದು ಹೇಳುತ್ತೇನೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿತ್ತು. ಸರ್ಕಾರಿ ಕಾಗದಗಳ ತಲೆಬರಹ ಬದಲಾಗಿತ್ತು. ನಮ್ಮ ಧಣಿಗಳು ಮಾತ್ರ ಹಳೆಯ ಲಕೋಟೆಗಳು ಮುಗಿಯುವವರೆಗೆ ಹಳೆಯ ರಾಜ್ಯದಲ್ಲೇ ಇದ್ದರು. ನನಗೆ ಇಪ್ಪತ್ತೆರಡು. ಸೋಮವಾರಪೇಟೆ ಕಡೆಯಿಂದ ಬಂದು ಬಿಟ್ಟಂಗಾಲದ ಹತ್ತಿರ ಬೆಳ್ಯಪ್ಪ ಗೌಡರ ಕಾಫಿ ತೋಟದಲ್ಲಿ ಲೆಕ್ಕ, ಹಾಜರಿ ಬರೆಯುವ ರೈಟರ್ ಆಗಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮನೆತನದಿಂದ ಲಿಂಗ ಕಟ್ಟಿದವನು, ಮೀನು ಮುಟ್ಟಿದವನಲ್ಲ. ಸಮುದ್ರವನ್ನು ಭೂಪಟದ ನೀಲಿ ಬಣ್ಣದಲ್ಲಿ ಬಿಟ್ಟು ಬೇರೆಲ್ಲೂ ನೋಡಿದವನೂ ಅಲ್ಲ. ಇಂಥವನ ಕೈಗೆ ಸಮುದ್ರದ ಉಸ್ತುವಾರಿ ಬಂತು.

ಪಕ್ಕದ ಎಸ್ಟೇಟಿನ ಇಂಗ್ಲಿಷ್ ದೊರೆ ತೋಟ ಮಾರಿ ತನ್ನ ಊರಿಗೆ ಹೊರಟಾಗ ಸುತ್ತಲಿನ ಪ್ಲಾಂಟರುಗಳೆಲ್ಲ ಅವನ ಸಾಮಾನಿಗೆ ಮುಗಿಬಿದ್ದರು. ಒಬ್ಬರಿಗೆ ಬಿಲಿಯರ್ಡ್ಸ್ ಮೇಜು, ಒಬ್ಬರಿಗೆ ನಾಯಿ ಸಿಕ್ಕಿತು. ತಡವಾಗಿ ಹೋದ ನಮ್ಮ ಧಣಿಗಳಿಗೆ ಉಳಿದದ್ದು ಹಳೆಯ ಪತ್ರಿಕೆಗಳ ಒಂದು ಕಟ್ಟು. ಅದರೊಳಗೆ ಒಂದು ಚಿತ್ರವಿತ್ತು: ಯಾವುದೋ ಶ್ರೀಮಂತನ ಹಜಾರ, ಗೋಡೆಯುದ್ದಕ್ಕೆ ಗಾಜಿನ ತೊಟ್ಟಿ, ಒಳಗೆ ಹವಳದ ಬಂಡೆ, ಬಂಡೆಯ ಮೇಲೆ ಹೂವಿನಂತೆ ಅರಳಿದ ಜೀವಗಳು, ನಡುವೆ ಪಟ್ಟೆ ಪಟ್ಟೆ ಮೀನು. ಧಣಿಗಳು ಆ ಹಾಳೆಯನ್ನು ಮೂರು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದರು. ನಾಲ್ಕನೆಯ ದಿನ ನನ್ನನ್ನು ಕರೆದು, "ರೈಟರೆ, ಬಿಲಿಯರ್ಡ್ಸ್ ಮೇಜು ಎಲ್ಲರ ಮನೆಲೂ ಉಟ್ಟು. ಸಮುದ್ರ ಯಾರ ಮನೆಲಿ ಉಟ್ಟು?" ಎಂದು ಕೇಳಿದರು. ಅವರ ಮನೆಮಾತಿನಲ್ಲಿ ಉಟ್ಟು ಎಂದರೆ ಉಂಟು.

ಯಾರ ಮನೆಯಲ್ಲೂ ಇಲ್ಲ ಎಂದು ನಾನು ನಿಜವನ್ನೇ ಹೇಳಿದೆ. ಅಂದೇ ಹೊಸ ಪುಸ್ತಕ ತೆರೆದೆ. ದಿನಕ್ಕೊಂದು ಪುಟವೆಂದು ತಾರೀಕುಗಳನ್ನು ಮೊದಲೇ ಹಾಕಿಡುವುದು ನನ್ನ ಅಭ್ಯಾಸ.

ಉದ್ದ ಎಂಟು ಅಡಿ, ಅಗಲ ಮೂರು, ಆಳ ಎರಡೂವರೆ. ವಿರಾಜಪೇಟೆಯ ಕಮ್ಮಾರ ಕಬ್ಬಿಣದ ಚೌಕಟ್ಟು ಮಾಡಿಕೊಟ್ಟು, ಇದು ಯಾವ ಪ್ರಾಣಿಯ ಬೋನು ಎಂದು ವಿಚಾರಿಸಿದ. ಗಾಜು ಮೈಸೂರಿನಿಂದ ಹುಲ್ಲಿನಲ್ಲಿ ಮಲಗಿ ಬಂತು. ತೊಟ್ಟಿ ಮೂರು ಸಲ ಸೋರಿತು. ಮೂರನೆಯ ಸಲ ಧಣಿಗಳ ಅಜ್ಜನ ಮಂಚದ ಕಾಲುಗಳು ಒಂದು ಅಂಗುಲ ನೆನೆದವೆಂದು ನನ್ನ ಪುಸ್ತಕ ಹೇಳುತ್ತದೆ. ಡಿಸೆಂಬರಿನಲ್ಲಿ ತೋಟದ ಲಾರಿ ಕಾಫಿ ಹೊತ್ತು ಘಾಟಿ ಇಳಿದು ತಲಚೇರಿಗೆ ಹೋಗುತ್ತಿತ್ತು, ಬರುವಾಗ ಸೀಮೆಎಣ್ಣೆ ಡಬ್ಬಗಳಲ್ಲಿ ಸಮುದ್ರ ಹೊತ್ತು ಬರುತ್ತಿತ್ತು. ಡಬ್ಬಕ್ಕೆ ನಾಲ್ಕು ಗ್ಯಾಲನ್, ಒಟ್ಟು ತೊಂಬತ್ತನಾಲ್ಕು ಡಬ್ಬ.

ಬಂಡೆ, ಮೀನು, ಏಡಿ ಎಲ್ಲವನ್ನೂ ತಂದವನು ಮೊಯ್ದು. ತಲಚೇರಿಯವನು, ವಾರಕ್ಕೆ ಎರಡು ಸಲ ಬಸ್ಸಿನ ತಲೆಯ ಮೇಲೆ ಮೀನಿನ ಬುಟ್ಟಿ ಇಟ್ಟುಕೊಂಡು ಬಂದು ನಮ್ಮ ಕಡೆಯ ತೋಟಗಳಿಗೆಲ್ಲ ಮಾರುತ್ತಿದ್ದ. ದೂರದ ದ್ವೀಪಗಳಿಂದ ಬರುವ ದೋಣಿಯವರಿಂದ ಹವಳದ ಕಲ್ಲು, ತನ್ನ ಊರಿನ ಬಂಡೆಗಳ ಸಂದಿಯಿಂದ ಜೀವಂತ ಕಡಲ ಹೂಗಳು, ಇಪ್ಪತ್ತಮೂರು ಪಟ್ಟೆ ಮೀನು. "ಇಪ್ಪತ್ತು ವರ್ಷ ಸತ್ತ ಮೀನು ಕೊಟ್ಟೆ, ಯಾರೂ ಹೆಸರು ಕೇಳಲಿಲ್ಲ" ಎಂದು ನಗುತ್ತಿದ್ದ. "ಈಗ ರೈಟರ್ ಒಂದೊಂದು ಮೀನಿನ ಜಾತಕ ಕೇಳ್ತಾರೆ."

ಧಣಿಗಳ ಹೆಂಡತಿ ಗೌರಮ್ಮನವರದು ಒಂದೇ ಆಕ್ಷೇಪ. "ಮೀನು ಅಂತೇಳಿರೆ ಬಾಣಲೆಲಿ ಇರೊಕು, ಗಾಜಿಲಿ ಅಲ್ಲ."

ನೀರಿಗೆ ಗಾಳಿ ಬೇಕೆಂದು ಚಿತ್ರದ ಕೆಳಗೆ ಬರೆದಿತ್ತು. ತೋಟದಲ್ಲಿ ಗಾಳಿ ಊದಬಲ್ಲ ಯಂತ್ರವೆಂದರೆ ಔಷಧಿ ಹೊಡೆಯುವ ಪಂಪು. ಇನ್ನೂ ಮೈಲುತುತ್ತ ಕಾಣದ ಹೊಸ ಪಂಪೊಂದನ್ನು ತರಿಸಿ, ಲೈನ್ ಮನೆಗಳ ಆಳುಗಳಿಗೆ ಪಾಳಿ ಹಾಕಿದೆ. ಹಾಜರಿ ಪುಸ್ತಕದಲ್ಲಿ ಪಿಕ್ಕಿಂಗ್, ಗುಂಡಿ ತೆಗೆಯುವುದು, ಕಸಿ ಎಂಬ ಕಾಲಮುಗಳ ಪಕ್ಕ ಹೊಸದೊಂದು ಕಾಲಮು ಎಳೆದೆ: ಸಮುದ್ರಕ್ಕೆ ಉಸಿರು. ಅದಕ್ಕೆ ಎಲ್ಲರಿಗಿಂತ ಮೊದಲು ಹೆಸರು ಕೊಡುತ್ತಿದ್ದವರು ತೋಟದ ಅತ್ಯಂತ ಸೋಮಾರಿಗಳು.

ಇಷ್ಟರಲ್ಲೇ ನಾವು ಮಾಡಿದ ತಪ್ಪು ಬರುತ್ತದೆ. ಕಾಫಿ ತೋಟದವರಲ್ಲದೆ ಬೇರೆ ಯಾರೂ ಅದನ್ನು ಮಾಡಲಾರರು.

ಮಳೆಯಿಲ್ಲದ ತಿಂಗಳುಗಳ ಒಣ ಗಾಳಿಗೆ ತೊಟ್ಟಿಯ ನೀರು ದಿನವೂ ಅರ್ಧ ಬೆರಳು ಇಳಿಯುತ್ತಿತ್ತು. ಏನು ತುಂಬಿಸಲಿ ಎಂದು ಧಣಿಗಳನ್ನು ಕೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. ತೋಟದಲ್ಲಿ ಗಿಡ ಸತ್ತರೆ ಆ ಗುಂಡಿಗೆ ಅದೇ ಜಾತಿಯ ಗಿಡ ನೆಡುವುದು ಮೊದಲ ಪಾಠ. ಅರೇಬಿಕದ ನಡುವೆ ರೊಬಸ್ಟ ತುರುಕುವ ರೈಟರನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. "ಅರೇಬಿಕ ಸತ್ತ ಗುಂಡಿಗೆ ಎಂಥ ಹಾಕೊದು?" ಎಂದರು.

"ಅರೇಬಿಕಾನೆ ಸ್ವಾಮಿ."

"ಮತ್ತೆ ಸಮುದ್ರ ಕಮ್ಮಿ ಆದಲ್ಲಿಗೆ?"

ಈ ತರ್ಕದಲ್ಲಿ ಒಂದು ಸಂದೂ ಇರಲಿಲ್ಲ. ಡಿಸೆಂಬರ್ ಇಪ್ಪತ್ತೆಂಟರಿಂದ ಮಾರ್ಚ್ ಎಂಟರವರೆಗೆ, ಎಪ್ಪತ್ತೊಂದು ದಿನ, ದಿನಕ್ಕೆ ಮೂರು ಗ್ಯಾಲನ್ ಸಮುದ್ರದ ನೀರು ಸುರಿದೆ. ಮೊಯ್ದು ಬಸ್ಸಿನಲ್ಲಿ ತಂದ ಡಬ್ಬಗಳಿಂದ, ಬೆಳಿಗ್ಗೆ ಏಳಕ್ಕೆ. ಪುಸ್ತಕವನ್ನು ಚೌಕಟ್ಟಿಗೆ ದಾರದಿಂದ ಕಟ್ಟಿ, ಸೀಸದ ಕಡ್ಡಿಯಲ್ಲಿ ಅಲ್ಲೇ ಬರೆಯುತ್ತಿದ್ದೆ. ಒಂದು ದಿನವೂ ತಪ್ಪಲಿಲ್ಲ. ಜ್ವರ ಬಂದ ದಿನವೂ ಕಂಬಳಿ ಹೊದ್ದು ಹೋಗಿ ಸುರಿದು ಬಂದೆನೆಂದು ಫೆಬ್ರವರಿ ಎರಡರ ಪುಟದಲ್ಲಿ ಹೆಮ್ಮೆಯಿಂದ ಬರೆದುಕೊಂಡಿದ್ದೇನೆ.

ಜನವರಿ ಮೂರಕ್ಕೆ ಮೀನು ಇಪ್ಪತ್ತಮೂರು. ಫೆಬ್ರವರಿ ಹದಿನಾಲ್ಕಕ್ಕೆ ಹದಿನೇಳು. ಕಡಲ ಹೂಗಳಲ್ಲಿ ಒಂದು, ನಸುಗೆಂಪಿನದು, ನಾನು ಹೋದರೆ ಅರಳುತ್ತಿತ್ತು ಎಂದು ನನಗೆ ಭ್ರಮೆ. ಅದು ಒದ್ದೆ ಬಟ್ಟೆ ಹಿಂಡಿಟ್ಟಂತೆ ಮುದುಡಿತು. ಮಾರ್ಚ್ ಒಂಬತ್ತರ ಬೆಳಿಗ್ಗೆ ಉಳಿದ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅದೇ ವಾರದ ಭಾನುವಾರಕ್ಕೆ ಧಣಿಗಳು ಕ್ಲಬ್ಬಿನವರನ್ನೆಲ್ಲ ಸಮುದ್ರ ನೋಡಲು ಚಹಾಕ್ಕೆ ಕರೆದಿದ್ದರು.

ಧಣಿಗಳು ನೀರಿನಲ್ಲಿ ಬೆರಳದ್ದಿ ನಾಲಿಗೆಗೆ ಇಟ್ಟು ಉಗುಳಿದರು. ಅಷ್ಟು ಹೊತ್ತಿಗೆ ಮೊಯ್ದು ಡಬ್ಬ ಹೊತ್ತು ಬಂದ.

"ಇದ್ ಸಮುದ್ರ ಅಲ್ಲ" ಎಂದರು ಧಣಿಗಳು. "ಘಾಟಿಲಿ ಮಾಕುಟ್ಟದ ತೋಡುಲಿ ನೀರ್ ತುಂಬ್ಸಿ, ಬಜಾರಿನ ಉಪ್ಪು ಹಾಕಿ ತಂದೊಳ ನೀ. ಅಳತೆ ತಪ್ಪಿ ಉಪ್ಪು ಜಾಸ್ತಿ ಬಿದ್ದುಟ್ಟು."

ಮೊಯ್ದು ಡಬ್ಬ ಇಳಿಸಿ, ತಲೆಯ ಸಿಂಬಿ ಬಿಚ್ಚಿ ಮುಖ ಒರೆಸಿಕೊಂಡ. "ಧಣಿ, ಉಪ್ಪು ಹುಡುಕಿಕೊಂಡು ಬಜಾರಿಗೆ ಹೋಗೋ ಕಷ್ಟ ನನಗ್ಯಾಕೆ? ಕಡಲ್ ಅಲ್ಲಿ ಸುಮ್ಮನೆ ಬಿದ್ದುಂಟು. ಈ ಡಬ್ಬದ್ದು ರುಚಿ ನೋಡಿ."

ಧಣಿಗಳು ನೋಡಿದರು. ತೊಟ್ಟಿಯ ನೀರಿಗಿಂತ ಎಷ್ಟೋ ಸಪ್ಪೆ. "ಇಂದ್ ಸರಿಯಾದ್ ತಂದೊಳ. ಸಿಕ್ಕಿಬಿದ್ದೆ ಅಂತ ಗೊತ್ತಾತಲ್ಲ" ಎಂದು ಚೌಕಟ್ಟಿನ ಮೇಲೆ ಗುದ್ದಿದರು. ದಾರ ಕಿತ್ತು ನನ್ನ ಪುಸ್ತಕ ತೊಟ್ಟಿಯೊಳಗೆ ಬಿತ್ತು. ಮೊಯ್ದು ನನ್ನ ಕಡೆ ನೋಡಿದ. ತಂದ ಡಬ್ಬಗಳನ್ನು ಒಂದೊಂದಾಗಿ ನೋಡಿ ಬರೆದವನು ನಾನೊಬ್ಬನೇ. ನಾನು ಅಂಗಿಯ ತೋಳು ಮಡಚಿ ಪುಸ್ತಕ ತೆಗೆಯುವುದರಲ್ಲಿ ಬಹಳ ತಲ್ಲೀನನಾದೆ.

ಪುಸ್ತಕವನ್ನು ಕಾಫಿ ಕಣದಲ್ಲಿ ಬಿಸಿಲಿಗೆ ಬಿಡಿಸಿಟ್ಟೆ. ಮಾರನೆಯ ದಿನ ಹಾಳೆಗಳು ಹಪ್ಪಳದಂತೆ ಒಣಗಿದ್ದವು, ಅಕ್ಷರಗಳು ಉಳಿದಿದ್ದವು, ಅಕ್ಷರಗಳ ಮೇಲೆ ಬಿಳಿಯ ಪುಡಿ. ಬೆರಳಲ್ಲಿ ಒರೆಸಿ ರುಚಿ ನೋಡಿದೆ. ನೀರು ಹೋಗಿದೆ, ಉಪ್ಪು ಉಳಿದಿದೆ. ತೊಟ್ಟಿಯಿಂದಲೂ ದಿನವೂ ಹೋಗುತ್ತಿದ್ದದ್ದು ಬರೀ ನೀರು. ನಾನು ಅದರ ಜಾಗಕ್ಕೆ ನೀರಿನ ಜೊತೆ ಉಪ್ಪನ್ನೂ ಸುರಿಯುತ್ತಿದ್ದೆ. ತೊಂಬತ್ತನಾಲ್ಕು ಡಬ್ಬದ ತೊಟ್ಟಿಯಲ್ಲಿ ಇನ್ನೂ ಐವತ್ತಮೂರು ಡಬ್ಬದ ಉಪ್ಪು. ಸಮುದ್ರದ ಉಪ್ಪು ಹೇಗೆ ಸಿಗುತ್ತದೆ ಎಂಬ ಪ್ರಶ್ನೆಗೆ ನಾಲ್ಕನೆಯ ತರಗತಿಯಲ್ಲಿ ನನಗೆ ಐದಕ್ಕೆ ಐದು ಅಂಕ ಬಂದಿತ್ತು. ಕ್ರಮ ತಪ್ಪದ ರೈಟರನ ಬದಲು ಒಬ್ಬ ಮೈಗಳ್ಳ ಇದ್ದಿದ್ದರೆ ಅರ್ಧದಷ್ಟು ಮೀನಾದರೂ ಬದುಕುತ್ತಿದ್ದವು.

ಇದು ಮಾರ್ಚ್ ಹತ್ತು. ಅಂದೇ ಹೇಳಬಹುದಿತ್ತು. ಪುಸ್ತಕ ಇನ್ನೂ ಪೂರ್ತಿ ಒಣಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕೆಲಸ ಕಾಯಂ ಆಗುವುದು ಮುಂದಿನ ತಿಂಗಳು ಎಂಬುದನ್ನು ಹೇಳಿಕೊಳ್ಳಲಿಲ್ಲ. ಅದು ಹೇಳದೆಯೂ ಗೊತ್ತಿತ್ತು.

ಭಾನುವಾರ ಕ್ಲಬ್ಬಿನವರು ಬಂದರು. ಸಮುದ್ರ ತೋರಿಸಲಾಗದ ಧಣಿಗಳು ಸಮುದ್ರದ ಕಳ್ಳನ ಕಥೆ ಬಡಿಸಿದರು. ಕಥೆ ಚೆನ್ನಾಗಿತ್ತು, ಮೀನಿಗಿಂತ ಹೆಚ್ಚು ಮೆಚ್ಚುಗೆ ಪಡೆಯಿತು. ಮಾರನೆಯ ದಿನವೇ ಮೂರು ಎಸ್ಟೇಟುಗಳ ಅಡುಗೆಯವರಿಗೆ ಮೊಯ್ದುವಿನ ಬುಟ್ಟಿ ಗೇಟಿನೊಳಗೆ ಬರಬಾರದೆಂದು ಹುಕುಂ ಆಯಿತು. ಬುಧವಾರ, ಹದಿನೆಂಟಕ್ಕೆ, ಅವನು ಬಿಟ್ಟಂಗಾಲದ ರಸ್ತೆಯಲ್ಲಿ ತುಂಬಿದ ಬುಟ್ಟಿ ಹೊತ್ತು ವಾಪಸು ಹೋಗುವುದನ್ನು ನೋಡಿದೆ. ಮೀನು ಎಂಬ ಎಂದಿನ ಕೂಗು ಹಾಕುತ್ತಿರಲಿಲ್ಲ.

ಬಾಯಿಂದ ಹೇಳುವ ಧೈರ್ಯ ಬರಲಿಲ್ಲ. ಅಂದೇ ಒಂದು ಪಟ್ಟಿ ಮಾಡಿದೆ: ತಾರೀಕು, ಆರಿದ ನೀರು, ಸುರಿದ ಸಮುದ್ರ, ಉಳಿದ ಉಪ್ಪು ಎಂದು ನಾಲ್ಕು ಅಂಕಣ, ಎಪ್ಪತ್ತೊಂದು ಸಾಲು, ಕೆಳಗೆ ಮೊತ್ತ. ಧಣಿಗಳು ಕನ್ನಡಕ ಹಾಕಿಕೊಂಡು ಮೊದಲ ಸಾಲಿನಿಂದ ಕೊನೆಯವರೆಗೆ ಓದಿದರು.

"ಸಮುದ್ರ ಸುರಿಯಿ ಅಂತೇಳಿ ಹೇಳ್ದ್ ಯಾರ್?"

"ತಾವು ಸ್ವಾಮಿ. ಸುರಿದವನು ನಾನು. ಮೊಯ್ದು ತಂದಿದ್ದು ಸಮುದ್ರಾನೆ."

ಒಳಗಿನಿಂದ ಗೌರಮ್ಮನವರ ದನಿ ಬಂತು. "ಉಪ್ಪಿನಕಾಯಿ ಹಾಕುವವ್ರ್ನ ಒಂದ್ ಮಾತ್ ಕೇಳಿದ್ರೆ ಆಗ್ತಿತ್ತ್. ಆ ಮನುಷ್ಯನ್ನ ಕರೆಸಿ."

ಕ್ಷಮೆ ಕೇಳುವುದು ಧಣಿಗಳ ಪದ್ಧತಿಯಲ್ಲ. ಮೊಯ್ದುವಿನ ಬುಟ್ಟಿಯನ್ನು ಪೂರ್ತಿ ಕೊಂಡು, ಕ್ಲಬ್ಬಿನವರನ್ನು ಮತ್ತೆ ಕರೆದು, ಅವನ ಎದುರಿಗೇ ಅವರಿಗೆ ಊಟ ಹಾಕಿಸಿದರು. ನಮ್ಮ ಕಡೆ ಅದೇ ಕ್ಷಮೆ, ಎಲ್ಲರಿಗೂ ಅರ್ಥವಾಯಿತು. ಗಾಜಿನ ತೊಟ್ಟಿಗೆ ಗೌರಮ್ಮ ಕೋಳಿಮರಿ ಬಿಟ್ಟರು. ಅತಿಥಿಗಳು ಅವನ್ನೂ ಬಗ್ಗಿ ಬಗ್ಗಿ ನೋಡಿದರು. ನನ್ನ ಕೆಲಸ ಕಾಯಂ ಆಗಲು ಮತ್ತೆ ಆರು ತಿಂಗಳು ಹಿಡಿಯಿತು.

ಊಟದ ದಿನ ಮೊಯ್ದು ಖಾಲಿ ಬುಟ್ಟಿ ಎತ್ತಿಕೊಳ್ಳುತ್ತಾ ನನ್ನ ಹತ್ತಿರ ನಿಂತ. "ರೈಟರೆ, ಪಟ್ಟಿ ಶರಿ ಬರೆದಿದ್ದೀರಿ. ಅದಕ್ಕೆ ಒಂಬತ್ತು ದಿವಸ ಯಾಕೆ?" ಎಂದ. ಬಸ್ಸಿಗೆ ಹೊತ್ತಾಗಿತ್ತು, ಬುಟ್ಟಿ ತಲೆಗಿಟ್ಟು ಹೊರಟ.

ಆ ಪುಸ್ತಕದಲ್ಲಿ ಮಾರ್ಚ್ ಒಂಬತ್ತರಿಂದ ಹದಿನೇಳರವರೆಗೆ ತಾರೀಕುಗಳಿವೆ, ಬರಹವಿಲ್ಲ. ಇಷ್ಟು ವರ್ಷ ಅದನ್ನು ಮಳೆ ಮಾಪಕವೆಂದು ತೋರಿಸಿ ಸ್ನೇಹಿತರನ್ನು ನಗಿಸಿದ್ದೇನೆ. ಆ ಪುಟಗಳಿಗೆ ಬಂದಾಗ ಎರಡೆರಡು ಒಟ್ಟಿಗೆ ಮಗುಚಿದ್ದೇನೆ. ಇವತ್ತು ಒಂದೊಂದಾಗಿ ಬಿಡಿಸಿ ಎಣಿಸಿದೆ. ಒಂಬತ್ತೇ.

ಮೊಯ್ದು ಈಗ ವಿರಾಜಪೇಟೆಯಲ್ಲಿ ಅಂಗಡಿ ಇಟ್ಟಿದ್ದಾನೆ. ಮೀನಿನ ಅಂಗಡಿಯ ಮೆಟ್ಟಿಲು ಹತ್ತಿದವನಲ್ಲ ನಾನು. ಇವತ್ತು ಮಧ್ಯಾಹ್ನದ ಬಸ್ಸಿಗೆ ಹೋಗಿ ಆ ಮೆಟ್ಟಿಲು ಹತ್ತಿದೆ. ಪುಸ್ತಕವನ್ನು ಅವನ ತಕ್ಕಡಿಯ ಪಕ್ಕ ಬಿಡಿಸಿಟ್ಟೆ. ಅವನು ಕೈಯನ್ನು ಎರಡು ಸಲ ತೊಳೆದು, ಒದ್ದೆ ಹಾಳೆಯ ಅಂಚನ್ನು ಬೆರಳಲ್ಲಿ ಮುಟ್ಟಿ, ಬೆರಳನ್ನು ನಾಲಿಗೆಗೆ ಇಟ್ಟು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ.

"ತಲಚೇರಿ ಕಡಲ್" ಎಂದ. "ಬಜಾರಿನ ಉಪ್ಪಲ್ಲ. ಬರಕೊಳ್ಳಿ."

ಅಲ್ಲೇ ಸೀಸದ ಕಡ್ಡಿ ಇಸಿದುಕೊಂಡು, ಮಾರ್ಚ್ ಒಂಬತ್ತು ಎಂದಿದ್ದ ಪುಟದಲ್ಲಿ ಹಾಗೆಯೇ ಬರೆದೆ. ಇನ್ನು ಎಂಟು ಪುಟ ಉಳಿದಿವೆ.