ದಿಣ್ಣೆಯ ಮೇಲಿನ ಚರಗ

ಗೋಗಿಯ ದೇವಕಮ್ಮನನ್ನು ಕೆಣಕುವವರು ಇಂದಿಗೂ ಕೇಳುವುದುಂಟು: “ದೇವಕ್ಕಾ, ಭೂಮ್ತಾಯಿಗೆ ಈಜು ಕಲಿಸಿದಾಕಿ ನೀನ ಹೌದಿಲ್ಲೋ?” ಆಕೆ ನಗುತ್ತಾಳೆ. ಆ ನಗೆಯ ಹಿಂದೆ ಒಂದು ತುಂಡು ಹೊಲದ ಕಥೆಯಿದೆ.

ಮುದನಾಳದಿಂದ ಸೊಸೆಯಾಗಿ ಬಂದಾಗ ಗಂಡ ಶಾಂತಪ್ಪನ ಕರಿಮಣ್ಣಿನಲ್ಲಿ ಬಿಳಿಜೋಳ, ನಡುನಡುವೆ ಕಡಲೆ, ಸುತ್ತ ಕುಸುಬೆ. ಸಂಜೆ ಉಡಿ ತುಂಬ ಸೊಪ್ಪು ಚಿವುಟಿ ತಂದರೆ ಪಲ್ಯಕ್ಕೆ ಬಜಾರದ ಮುಖ ನೋಡಬೇಕಿರಲಿಲ್ಲ. ಆಮೇಲೆ ಕಾಲುವೆ ಬಂತು. ಹಬ್ಬಕ್ಕೊಮ್ಮೆ ಕಾಣುತ್ತಿದ್ದ ಬಿಳಿ ಅನ್ನ ದಿನಾ ಎರಡು ಹೊತ್ತು ಸಿಗುತ್ತದೆಂದರೆ ಯಾರು ಬೇಡವೆಂದಾರು? ದೇವಕಮ್ಮನೂ ಅನ್ನಲಿಲ್ಲ. ಹೊಲ ಗದ್ದೆಯಾಯಿತು.

ಎಳ್ಳಮಾವಾಸ್ಯೆ ಬಂತು. ಹೊಲದ ಕಾಳು, ಸೊಪ್ಪು ಎಲ್ಲ ಕೂಡಿಸಿ ಭಜ್ಜಿ ಕುದಿಸಿ, ಕಡುಬಿನ ಜೊತೆ ಪೈರಿನ ನಡುವೆ ಚೆಲ್ಲಿ ಭೂಮಿತಾಯಿಗೆ ಉಣಿಸುವುದೇ ಚರಗ. ಆ ವರ್ಷ ಭಜ್ಜಿಯ ಕಾಳು ಶಹಾಪುರದ ಅಂಗಡಿಯಿಂದ ಬಂತು. ರೂಢಿಬಿದ್ದ ಕೈ, “ಹುಲ್ಲುಲ್ಲಿಗ್ಯೋ” ಎಂದು ಚರಗದ ಕೂಗು ಹಾಕಿ ಬೀಸಿಯೇ ಬಿಟ್ಟಳು. ಎದುರಿಗಿದ್ದದ್ದು ನಾಟಿಗೆ ನೀರು ಕಟ್ಟಿದ ಗದ್ದೆ. ಕಡುಬು ಬುಳುಕ್ಕೆಂದು ಮುಳುಗಿತು.

ನಾಟಿಯ ಕೂಲಿಗೆ ಬಂದಿದ್ದ ಹುಸೇನಬೀ ಹೊಟ್ಟೆ ಹಿಡಿದು ನಕ್ಕಳು. “ಅಕ್ಕಾ, ಭೂಮ್ತಾಯಿಗೆ ಉಣಸಾಕತ್ತಿಯೋ, ಈಜು ಕಲಸಾಕತ್ತಿಯೋ?”

ಎಲ್ಲರೊಡನೆ ದೇವಕಮ್ಮನೂ ನಕ್ಕಳು. ಕಣ್ಣು ಮಾತ್ರ ಮೇಲಕ್ಕೆ ಹೋಯಿತು. ಗದ್ದೆಯ ಮೇಲ್ಗಡೆ ಕಾಲುವೆ ನೀರು ಹತ್ತದ ದಿಣ್ಣೆಯೊಂದು ಬೀಳುಬಿದ್ದಿತ್ತು. ಅದನ್ನೂ ಕಡಿದು ಗದ್ದೆ ಮಾಡಲು ಶಾಂತಪ್ಪ ಮಿಷನ್ನಿನವನಿಗೆ ಮಾತು ಕೊಟ್ಟಾಗಿತ್ತು.

“ಆ ದಿಣ್ಣಿ ನನಗ ಬಿಡ್ರಿ,” ಎಂದಳು ಗಂಡನಿಗೆ.

“ಯಾಕ, ಜ್ವಾಳ ಬಿತ್ತಿ ಗುಬ್ಬಿ ಸಾಕ್ತಿಯೇನು?”

“ಬರೋ ಎಳ್ಳಮಾಸಿಗೆ ಭಜ್ಜಿಗೆ ಬೇಕಾದದ್ದೆಲ್ಲಾ ಅಲ್ಲಿಂದ ತರ್ತೀನಿ. ಅದರಾಗ ಬಜಾರದ್ದು ಏನರ ಬಿತ್ತಂದ್ರ ಮಿಷನ್ ನಾನ ಕರೀತೀನಿ.”

“ಮಾತಿಗಿ ತಪ್ಪಬಾರ್ದು ಮತ್ತ!”

ಮಾತೇನೋ ಆಡಿದಳು, ಬೀಜ? ಸೋರೆಬುರುಡೆಯಲ್ಲಿ ಮುಚ್ಚಿಟ್ಟು ಮರೆತದ್ದನ್ನು ಸುರುವಿದರೆ ಹುಳ ತಿಂದ ಹಿಟ್ಟು. ದೊಡ್ಡ ಮನೆಗಳಲ್ಲಿ ಕೇಳಿದರೆ ಭತ್ತದ ಚೀಲ ತೋರಿಸಿದರು. ಕೊನೆಗೆ ಬೀಜ ಸಿಕ್ಕಿದ್ದು ತುಂಡು ಹೊಲವೂ ಇಲ್ಲದ ಹುಸೇನಬೀಯ ಗುಡಿಸಲಲ್ಲಿ. ಒಲೆಯ ಮೇಲೆ ಹೊಗೆ ಕುಡಿಯುತ್ತ ಜೋಳದ ತೆನೆಗಳು ತೂಗುತ್ತಿದ್ದವು. ಬೂದಿ ಬೆರೆಸಿದ ಗಡಿಗೆಗಳಲ್ಲಿ ಕಡಲೆ, ತೊಗರಿ, ಅವರೆ, ಕುಸುಬೆ.

“ಕೂಲಿಗಿ ಕಾಳು ಅಳೀತಿದ್ರಲ್ಲ, ಆವಾಗಿಂದ ಐತಿ. ವರ್ಷಾ ಹಿತ್ತಲದಾಗ ನಾಕು ಬಿತ್ತಿ ಹೊಸದು ಮಾಡ್ಕೋತೀನಿ,” ಎಂದಳು ಹುಸೇನಬೀ. “ರೊಕ್ಕ ಬ್ಯಾಡಕ್ಕಾ. ಒಂದು ಸಾಲು ನಂದು ಅನ್ನು, ಸಾಕು.”

ಹಿಂಗಾರಿಗೆ ಇಬ್ಬರೂ ಕೂಡಿ ಬಿತ್ತಿದರು. ಆ ವರ್ಷ ಕಾಲುವೆಯ ನೀರಿನ ಸರದಿ ತಡವಾಯಿತು. ಕೆಳಗೆ ಶಾಂತಪ್ಪನ ಭತ್ತದ ಸಸಿ ಹಳದಿಗಟ್ಟಿ ಆಕಾಶ ನೋಡುತ್ತಿದ್ದರೆ, ಮೇಲೆ ಜೋಳ ಮಣ್ಣಿನ ಹಸಿಯನ್ನೂ ಇಬ್ಬನಿಯನ್ನೂ ಕುಡಿದು ಎದೆಮಟ್ಟ ನಿಂತಿತ್ತು. ಶಾಂತಪ್ಪ ದಿನಾ ಅತ್ತ ಹೋಗುವನು, ನೋಡದವನಂತೆ ನೋಡಿ ಬರುವನು.

ಎಳ್ಳಮಾವಾಸ್ಯೆಯ ದಿನ ಶಾಂತಪ್ಪ ಬಟ್ಟಲಿನ ಭಜ್ಜಿಯಲ್ಲಿ ಬೆರಳಾಡಿಸಿ ಒಂದೊಂದೇ ಕಾಳು ಪರೀಕ್ಷಿಸಿದ. ತಪ್ಪು ಸಿಗಲಿಲ್ಲ. ಬೆರಳು ನೆಕ್ಕಿದ, ಕಣ್ಣು ಮಿಂಚಿತು.

“ಉಪ್ಪು? ಇದೂ ದಿಣ್ಣಿ ಮ್ಯಾಲ ಬೆಳದದ್ದೇನು?”

ದೇವಕಮ್ಮನ ಮುಖ ಇಳಿಯಿತು. ಕೊಟ್ಟ ಮಾತು ಕೊಟ್ಟದ್ದೇ.

ಹುಸೇನಬೀ ಬಟ್ಟಲು ಕಸಿದುಕೊಂಡಳು. “ಅಣ್ಣಾರ, ನಿಮಗ ಉಪ್ಪಿಲ್ದ ಬ್ಯಾರೆ ಕುದಸ್ತೀವಿ, ಕುಂದರ್ರಿ. ಇದು ನಮಗಿರ್ಲಿ.”

“ಏ, ಏ, ಇಲ್ಲಿ ತಾ!” ಶಾಂತಪ್ಪ ನಗುತ್ತ ಬಟ್ಟಲು ಹಿಂದಕ್ಕೆಳೆದುಕೊಂಡ. ಉಂಡ, ಮತ್ತೆ ಹಾಕಿಸಿಕೊಂಡ. ಆಮೇಲೆ ಯಾರೂ ಹೇಳದೆ ಚರಗದ ಬುಟ್ಟಿ ತಾನೇ ಎತ್ತಿಕೊಂಡು ದಿಣ್ಣೆ ಹತ್ತಿದ. “ಹುಲ್ಲುಲ್ಲಿಗ್ಯೋ!” ಕಡುಬು ಜೋಳದ ನಡುವೆ ಒಣಮಣ್ಣಿಗೆ ಬಿತ್ತು. ಗುಬ್ಬಿಗಳು ಬುರ್ರೆಂದು ಎದ್ದು ಮತ್ತೆ ಅಲ್ಲೇ ಕೂತವು.

ಇಳಿದು ಬರುವಾಗ ಗದ್ದೆಗೂ ದಿಣ್ಣೆಗೂ ನಡುವಿನ ಬದುವಿನ ಮೇಲೆ ನಿಂತು, ಕಾಲಿನಿಂದ ಮಣ್ಣು ಕೆದರಿದ.

“ಈ ಒಡ್ಡು... ಇನ್ನಾ ಜರಾ ಕೆಳಗ ಸರಸೋಣೇನು?”

“ಸರಸ್ರಿ,” ಎಂದಳು ದೇವಕಮ್ಮ. “ಆದ್ರ ಅಲ್ಲಿ ಮೊದಲನೇ ಸಾಲು ಹುಸೇನಬೀದು.”