ಚುಕ್ಕಿಗಳ ಪುಸ್ತಕ

ಓಟದಲ್ಲಿ ನನ್ನನ್ನು ಹಿಡಿಯುವವರು ತಿಕೋಟಾದಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಇದು ಜಂಬವಲ್ಲ, ಬೇಕಾದವರು ಬೆಳಗ್ಗೆ ಬಬಲೇಶ್ವರ ರಸ್ತೆಗೆ ಬಂದು ನೋಡಬಹುದು. ವಿಜಯಪುರದಲ್ಲಿ ಸೈನ್ಯದ ಭರ್ತಿ ನಡೆದಾಗ ಮೊದಲ ಗುಂಪಿನಲ್ಲೇ ಓಡಿ ಮುಗಿಸಿದೆ. ಎತ್ತರ, ಎದೆಯ ಅಳತೆ ಎಲ್ಲ ಸರಿಯಿತ್ತು. ಉಳಿದದ್ದು ವೈದ್ಯಕೀಯ ತಪಾಸಣೆ ಒಂದೇ.

ಅಲ್ಲೊಂದು ತೊಡಕಿದೆ ಎಂಬುದು ನನಗೆ ಮೊದಲೇ ಗೊತ್ತಿತ್ತು. ಗಾಂಧಿ ಚೌಕದ ಹತ್ತಿರ ನಾವು ತರಬೇತಿಗೆ ಹೋಗುತ್ತಿದ್ದ ಕಡೆ ಗೆಳೆಯನೊಬ್ಬ ಮೊಬೈಲಿನಲ್ಲಿ ಬಣ್ಣದ ಚುಕ್ಕಿಗಳ ಚಿತ್ರಗಳನ್ನು ತೋರಿಸಿದ್ದ. ಸೈನ್ಯದ ಡಾಕ್ಟರು ಇಂಥದೇ ಪುಸ್ತಕ ಹಿಡಿದು, ಚುಕ್ಕಿಗಳ ನಡುವೆ ಯಾವ ಅಂಕಿ ಇದೆ ಎಂದು ಕೇಳುತ್ತಾರಂತೆ. ಉಳಿದವರೆಲ್ಲ ಪಟಪಟನೆ ಹೇಳಿದರು. ನನಗೆ ಬರೀ ಚುಕ್ಕಿ ಕಂಡವು.

"ಅಂಕಿ ಎಲ್ಲೈತಲೇ?" ಅಂದೆ.

"ನಿನಗ ಬಣ್ಣಾನ ಕಾಣಂಗಿಲ್ಲಲೇ. ಹೋತು ನಿನ್ನ ಮಿಲಿಟರಿ," ಅಂದ.

ಹೋಗಲು ಬಿಡುವವನೇ ನಾನು? ಇಪ್ಪತ್ತರ ಮಗ್ಗಿ ತಡವರಿಸದೆ ಹೇಳುವವನಿಗೆ ಇದೇನು ಮಹಾ. ಯಾವ ಪುಟಕ್ಕೆ ಯಾವ ಅಂಕಿ ಎಂದು ಅವನಿಂದಲೇ ಬರೆಸಿಕೊಂಡು ಒಂದು ವಾರದಲ್ಲಿ ಬಾಯಿಪಾಠ ಮಾಡಿದೆ.

ತಪಾಸಣೆಯ ದಿನ ಪಾದ, ಮೊಣಕಾಲು, ಕಿವಿ, ಹಲ್ಲು ಎಲ್ಲ ಪಾಸಾದವು. ಡಾಕ್ಟರು ಪುಸ್ತಕ ತೆರೆದರು. ಮೊದಲ ಎಂಟು ಪುಟಗಳಿಗೆ ಒಂದೂ ತಪ್ಪಿಲ್ಲದೆ ಉತ್ತರ ಕೊಟ್ಟೆ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ನಡುವಿನ ಹಾಳೆಗಳನ್ನು ಬಿಟ್ಟು ಕೊನೆಯ ಕಡೆಯ ಪುಟವೊಂದನ್ನು ತೆರೆದರು. ನಾನು ಬಾಯಿಪಾಠದ ಸರದಿ ಬಿಡದೆ, ಎದೆಯುಬ್ಬಿಸಿ, ಒಂಬತ್ತನೆಯ ಪುಟದ ಅಂಕಿ ಎಪ್ಪತ್ನಾಲ್ಕು ಎಂದೆ.

ಆ ಪುಟದಲ್ಲಿ ಅಂಕಿಯೇ ಇರಲಿಲ್ಲವಂತೆ. ಬೆರಳಿನಿಂದ ತಿದ್ದಿ ತೋರಿಸಲು ಒಂದು ಗೆರೆ ಮಾತ್ರ ಇತ್ತಂತೆ. ಡಾಕ್ಟರು ಬೈಯಲಿಲ್ಲ, ನಗಲೂ ಇಲ್ಲ. ಕಾಗದದ ಮೇಲೆ ಅನರ್ಹ ಎಂದು ಬರೆದರು. ಬುದ್ಧಿ ಬಂದಾಗಿನಿಂದ ನಾನು ಬೇರೆ ಕೆಲಸ ಬಯಸಿದವನಲ್ಲ. ಹೊರಗೆ ಬಂದು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ.

ಸಂಜೆ ತಿಕೋಟಾಕ್ಕೆ ಬಂದಾಗ ಅವ್ವ ಶೆಡ್ಡಿನಲ್ಲಿ ಕುಳಿತು ಒಣದ್ರಾಕ್ಷಿ ಆರಿಸುತ್ತಿದ್ದಳು. ಹಸಿರು ಒಂದು ಕಡೆ, ಕೆಂಪಗಾದದ್ದು ಇನ್ನೊಂದು ಕಡೆ. ನನಗೆ ಬಣ್ಣ ಗೊತ್ತಾಗುವುದಿಲ್ಲವಂತೆ, ಅದಕ್ಕೇ ತೆಗೆದುಕೊಳ್ಳಲಿಲ್ಲ ಎಂದು ಹೇಳಿದೆ. ಅವ್ವನ ಕೈ ನಿಂತಿತು. ಶಾಲೆಯ ರಜೆಯಲ್ಲಿ ನನ್ನನ್ನೂ ಪಕ್ಕಕ್ಕೆ ಕೂಡಿಸಿಕೊಂಡು ಆರಿಸಲು ಹಚ್ಚುತ್ತಿದ್ದವಳು ಅವಳೇ. ನಾನು ಎರಡನ್ನೂ ಕಲಸಿಡುತ್ತಿದ್ದೆ. ಕೆಲಸ ತಪ್ಪಿಸಲು ಬೇಕೆಂದೇ ಮಾಡುತ್ತಾನೆ, ಮೈಗಳ್ಳ ಎಂದು ಬೆನ್ನಿಗೆ ಬಾರಿಸಿ ಎಬ್ಬಿಸುತ್ತಿದ್ದಳು.

"ಆವಾಗ ಯಾಕ ಹೇಳಲಿಲ್ಲೋ ಯಪ್ಪಾ?"

"ಎಲ್ಲಾರಿಗೂ ಹಿಂಗ ಕಾಣತೈತಿ ಅಂದ್ಕೊಂಡಿದ್ನಿ ಬೇ. ನೀವೆಲ್ಲಾ ಶಾಣ್ಯಾರದೀರಿ, ನಾ ಒಬ್ಬಾವ ದಡ್ಡ ಅಂತ ತಿಳಕೊಂಡಿದ್ನಿ."

ಅವ್ವ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. "ಬಾಳ ಹೊಡದ್ನೇನೋ ನಿನಗ?"

"ಇಲ್ಲ ತಗೋ ಬೇ," ಅಂದೆ.

ಚೆನ್ನಾಗಿಯೇ ಹೊಡೆದಿದ್ದಳು.